ಕರ್ಚೀಪಿನ ಮೇಲೆ ಬರೆದ ಕಾಗದ



ಕರ್ಚೀಪು ಯಾತಕ್ಕೆ ಬೇಕು? ಬೆವರು ಒರೆಸೋಕೆ. ಚಿಲ್ಲರೆ ಕಾಸು ಗಂಟು ಕಟ್ಟೋಕೆ. ಆದರೆ ಕರ್ಚೀಪನ್ನೇ ಕಾಗದ ಮಾಡಿ ಮನೆಗೆ ಕಳಿಸಿದವರೂ ಇದ್ದಾರೆ. ಅವರ ವಿಷಯ ಇವತ್ತು ಹೇಳ್ತೀವಿ.

ಅಮೆರಿಕ ದೇಶದಲ್ಲಿ ನ್ಯೂ ಮೆಕ್ಸಿಕೊ ಅನ್ನೋ ರಾಜ್ಯ ಇದೆ. ಮೊದಲು ಅದು ಮೆಕ್ಸಿಕೊ ದೇಶದ ಭಾಗವಾಗಿತ್ತು. 1848ರ ಒಪ್ಪಂದದಲ್ಲಿ ಅಮೆರಿಕಕ್ಕೆ ಸೇರಿತು. ಅಲ್ಲಿನ ಹಳೇ ಮನೆತನಗಳ ಮಾತು ಸ್ಪ್ಯಾನಿಷ್. ಆ ಮಾತಿನಲ್ಲಿ ಬಟ್ಟೆಗೆ 'ಪಾನ್ಯೊ' ಅಂತಾರೆ. ಈ ಜನರಲ್ಲಿ ಜೈಲು ಸೇರಿದವರು ಕರ್ಚೀಪಿನ ಮೇಲೆ ಬಿಡಿಸಿದ ಚಿತ್ರಕ್ಕೂ ಅದೇ ಹೆಸರು. 1930–40ರ ಹೊತ್ತಿಗೆ ಇದು ಶುರುವಾಯಿತು ಅಂತ ಬಲ್ಲವರು ಹೇಳ್ತಾರೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಜೈಲುಗಳಲ್ಲೂ ಬಿಡಿಸಿದ್ದಾರೆ.

ಜೈಲಿನಲ್ಲಿ ಬಣ್ಣ, ಕುಂಚ ಎಲ್ಲಿಂದ ಬರಬೇಕು? ಕೈಗೆ ಸಿಗೋದು ಬಾಲ್‌ಪೆನ್ನು. ಕೆಲವು ಸಲ ಬಣ್ಣದ ಪೆನ್ಸಿಲ್ಲು. ಕರ್ಚೀಪು ಇಲ್ಲದಿದ್ದರೆ ಹಾಸಿಗೆ ಬಟ್ಟೆ ಹರಿದುಕೊಳ್ಳೋದು. ಬಟ್ಟೆಯನ್ನು ಬಿಗಿಯಾಗಿ ಎಳೆದು ಕೂರಿಸಿ, ಸಣ್ಣ ಸಣ್ಣ ಗೆರೆ ಹಾಕಬೇಕು. ಪೆನ್ನಿನ ಗೆರೆ ತಪ್ಪಿದರೆ ಅಳಿಸೋಕೆ ಆಗಲ್ಲ! ನಾವು ಸ್ಲೇಟಿನ ಮೇಲೆ ಎಷ್ಟು ಸಲ ಅಳಿಸಿದ್ದೀವಿ, ನೀವೇ ಹೇಳಿ.

ಏನೇನು ಬಿಡಿಸ್ತಾರೆ? ಗುಲಾಬಿ ಹೂವು. ಗ್ವಾಡಲೂಪೆ ಮಾತೆ. ಹೆಂಡತಿಯ ಮುಖ. ಜೈಲಿನ ಕಂಬಿ. ಮರಳು ಗಡಿಯಾರ, ಅಂದ್ರೆ ದಿನ ಎಣಿಸೋದು. ಒಂದು ನಗೋ ಮುಖ, ಪಕ್ಕದಲ್ಲೇ ಒಂದು ಅಳೋ ಮುಖ. ಮಕ್ಕಳಿಗಾದರೆ ಮಿಕ್ಕಿ ಮೌಸ್. ಅಪ್ಪ ಜೈಲಿನಲ್ಲಿದ್ದಾನೆ ಅಂತ ಮಗುವಿಗೆ ಹೇಗೆ ಬರೆಯೋದು? ಇಲಿಯ ಚಿತ್ರ ಕಳಿಸಿದರೆ ಮಗು ನಗುತ್ತೆ. ಅಷ್ಟು ಸಾಕು ಅನ್ನಿಸಿರಬೇಕು.

ಎಲ್ಲರಿಗೂ ಚಿತ್ರ ಬರಲ್ಲ. ಬಾರದವರು ಬರೋವನ ಹತ್ತಿರ ಬಿಡಿಸಿಕೊಳ್ತಾರೆ. ಕೂಲಿ ಏನು ಗೊತ್ತೇ? ಕಾಫಿ ಪುಡಿ, ಅಂಚೆ ಚೀಟಿ. ಮೊದಲೆಲ್ಲ ಸಿಗರೇಟೂ ಇತ್ತು.

ಇವರೆಲ್ಲ ತಪ್ಪು ಮಾಡಿಲ್ಲ ಅಂತ ನಾವು ಹೇಳ್ತಿಲ್ಲ. ಮಾಡಿದವರೂ ಇದ್ದಾರೆ. ಆದರೆ ಮನೆಯಲ್ಲಿರೋ ತಾಯಿ, ಮಕ್ಕಳು ಏನು ಮಾಡಿದ್ದರು? ಅವರಿಗೂ ಅದೇ ಕಾಯೋ ಶಿಕ್ಷೆ. ಮಡಿಸಿದ ಕರ್ಚೀಪು ಲಕೋಟೆಯಲ್ಲಿ ಹಗುರವಾಗಿ ಬರುತ್ತೆ. ತಾಯಿ ಅದನ್ನು ಒಗೆಯೋದಿಲ್ಲ, ಎತ್ತಿಡ್ತಾಳೆ. ಇಲ್ಲ, ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ತಾಳೆ.

ಈಗ ಇವನ್ನು ಕಲೆ ಅಂತ ಜನ ಕೂಡಿಡ್ತಾರೆ. ಸಾಂಟಾ ಫೆ ಊರಿನ ಜಾನಪದ ಕಲಾ ಸಂಗ್ರಹಾಲಯದಲ್ಲಿ 2024ರಲ್ಲಿ ಪ್ರದರ್ಶನಕ್ಕೂ ಇಟ್ಟರು. ಎಷ್ಟೋ ಪಾನ್ಯೊಗಳಲ್ಲಿ ಬಿಡಿಸಿದವನ ಹೆಸರೇ ಇಲ್ಲ. ಅದು ಯಾರ ಕೈಬರಹ ಅಂತ ಮನೆಯವಳಿಗೆ ಮಾತ್ರ ಗೊತ್ತಿತ್ತು.