ಮೆಚ್ಚಿಕೆಯೂ ಮೌಲ್ಯವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸತ್ಯ, ಶ್ರಮ, ನುಡಿಯಭಿಮಾನ ಇವುಗಳನ್ನು ಮೆಚ್ಚದವರಾರು? ಆದರೆ ಮೆಚ್ಚಿಕೆಯೇ ಮೌಲ್ಯವಲ್ಲ. ಯಾವುದಕ್ಕಾಗಿ ನಾವು ಹೊತ್ತನ್ನೂ ಬೆವರನ್ನೂ ತೆರುತ್ತೇವೆಯೋ ಅದೇ ನಮ್ಮ ನಿಜವಾದ ಮೌಲ್ಯ.

ನಮ್ಮ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ನೆನೆಯಿರಿ. ತಮ್ಮ ಆತ್ಮಕಥೆಗೆ ಅವರು ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಅದು ಬರಿಯ ಹೆಸರಾಗಿರಲಿಲ್ಲ. ಅಧ್ಯಾಪಕರೂ ಕವಿಗಳೂ ಆಗಿದ್ದ ಅವರು ಕೃಷಿಕರಾಗಿಯೂ ದುಡಿದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ, ಅದು ಕನ್ನಡ ನಾಡಿನಲ್ಲಿ ವಿಲೀನವಾಗಬೇಕೆಂದು ಹೋರಾಡಿದರು. ಆ ಬಯಕೆ ಕೈಗೂಡಲಿಲ್ಲ; ಆದರೂ ಕನ್ನಡವನ್ನು ಬಿಡಲಿಲ್ಲ, ದುಡಿತವನ್ನೂ ಬಿಡಲಿಲ್ಲ. ಫಲ ದೊರೆಯದಾಗಲೂ ಉಳಿಯುವುದೇ ಮೌಲ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಪೋಷಕರೇ, ವೇದಿಕೆಯ ಮೇಲೆ ಕನ್ನಡವನ್ನು ಕೊಂಡಾಡುವ ನಾವು ಮಕ್ಕಳನ್ನು ಯಾವ ಶಾಲೆಗೆ ಸೇರಿಸುತ್ತೇವೆ? ಮಾತಿಗೂ ನಡತೆಗೂ ಇರುವ ಅಂತರವನ್ನು ಮಕ್ಕಳು ನಮಗಿಂತ ಮೊದಲು ಕಾಣುತ್ತಾರೆ.

ವಿದ್ಯಾರ್ಥಿಗಳೇ, ಇಂದು ಮಲಗುವ ಮುನ್ನ, ದಿನದ ಹೊತ್ತು ಯಾವುದಕ್ಕೆ ಸಂದಿತೆಂದು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ನಿಮಗೆ ಹಿರಿದೆನಿಸಿದ ಮೂರು ಗುಣಗಳನ್ನು ಬರೆಯಿರಿ. ಎರಡೂ ಹೊಂದದಿದ್ದರೆ ಅಳುಕಬೇಡಿರಿ; ನಾಳೆ ಒಂದು ಗಳಿಗೆಯನ್ನಾದರೂ ಆ ಗುಣಗಳಿಗೆ ಮೀಸಲಿಡಿರಿ. ಬಾಳು ತಿದ್ದುವುದು ಹೀಗೆಯೇ.