ಕೊನೆಯ ಕುಳಿ

ಗಾಲ್ಫ್‌ನಲ್ಲಿ 18 ಕುಳಿಗಳ ಒಂದು ಸುತ್ತು ಮುಗಿಯಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಹೊಡೆತಗಳಿಗೆ ಸಲ್ಲುವುದು ಅದರಲ್ಲಿ ಕೆಲವೇ ನಿಮಿಷ. ಉಳಿದದ್ದು ನಡಿಗೆ, ಕಾಯುವಿಕೆ. ಮನಸ್ಸು ದಾರಿ ತಪ್ಪುವುದು ಅಲ್ಲೇ.

1999ರ ಜುಲೈ. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಬ್ರಿಟಿಷ್ ಓಪನ್. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಕೊನೆಯ ಕುಳಿಗೆ ಬಂದಾಗ ಮೂರು ಹೊಡೆತಗಳ ಮುನ್ನಡೆ. ಆರರಲ್ಲಿ ಮುಗಿಸಿದರೂ ಪ್ರಶಸ್ತಿ ಅವರದೇ. ಆದರೂ ದೂರಕ್ಕೆ ಹೊಡೆಯುವ ಡ್ರೈವರನ್ನೇ ಕೈಗೆತ್ತಿಕೊಂಡರು. ಚೆಂಡು ಬಲಕ್ಕೆ ವಾಲಿತು. ಎರಡನೆಯ ಹೊಡೆತ ಗ್ಯಾಲರಿಯ ಕಂಬಿಗೆ ಬಡಿದು, ಹಳ್ಳದ ಕಲ್ಲುಗೋಡೆಗೆ ತಾಗಿ, ದಟ್ಟ ಹುಲ್ಲಿಗೆ ಬಿತ್ತು. ಮೂರನೆಯದು ನೀರಿಗೆ. ಬೂಟು, ಕಾಲುಚೀಲ ಕಳಚಿ, ಪ್ಯಾಂಟು ಮಡಚಿ ಅವರು ಹಳ್ಳಕ್ಕೇ ಇಳಿದರು! ಅಲ್ಲಿಂದಲೇ ಹೊಡೆಯುವ ಯೋಚನೆ. ಆಮೇಲೆ ಅದನ್ನು ಬಿಟ್ಟು, ದಂಡದ ಹೊಡೆತ ತೆತ್ತರು. ಐದನೆಯದು ಮರಳುಗುಂಡಿಗೆ.

ಅತಿಯಾಸೆ ಎಂದು ಹಲವರು ಹಳಿದರು. ನನಗೇಕೋ ಆ ತೀರ್ಪು ಒಪ್ಪಿಗೆಯಿಲ್ಲ. ಮರಳಿನಿಂದ ಚೆಂಡನ್ನು ಮೇಲೆತ್ತಿ, ಏಳನೆಯ ಹೊಡೆತದಲ್ಲಿ ಅವರು ತಪ್ಪದೆ ಕುಳಿ ಸೇರಿಸಿದರು. ಮುನ್ನಡೆ ಕರಗಿ ಆಟ ಸಮವಾಯಿತು; ಅದೂ ತಪ್ಪಿದ್ದರೆ ಟೈ ಬ್ರೇಕರ್ ಕೂಡ ಇಲ್ಲ. ಗೆಲುವು ಕೈಯಲ್ಲಿದ್ದಾಗ ಚದುರಿದ್ದ ಗಮನ, ಅದು ಜಾರಿದ ಮೇಲೆ ಚೆಂಡಿಗೆ ಮರಳಿತ್ತು.

ಟೈ ಬ್ರೇಕರ್‌ನಲ್ಲಿ ಗೆದ್ದವರು ಸ್ಕಾಟ್ಲೆಂಡಿನ ಪಾಲ್ ಲಾರಿ. ಆ ದಿನದ ಆಟ ಶುರುವಾದಾಗ ಅವರು 10 ಹೊಡೆತ ಹಿಂದಿದ್ದರು.