ಹೊಸಹಳ್ಳಿ ಮೊದಲೋ, ಹೊಳಲು ಮೊದಲೋ?

ಗುಡೇಕೋಟೆಯಿಂದ ಹರಪನಹಳ್ಳಿವರೆಗಿನ ನಮ್ಮ ಊರುಗಳ ಹೆಸರನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಅಕಾರಾದಿಯಾಗಿ ಜೋಡಿಸು ಎಂದಿರಿ ಅನ್ನಿ. ಬೇರೇನೂ ಹೇಳದಿದ್ದರೆ ಅದು ಹಡಗಲಿ ತಾಲ್ಲೂಕಿನ ಹೊಳಲನ್ನು ಮೇಲಿಟ್ಟು, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯನ್ನು ಕೆಳಗಿಡುತ್ತದೆ. ಶಾಲೆಯಲ್ಲಿ ನಾವು ಕಲಿತದ್ದು ಯ ರ ಲ ವ ಶ ಷ ಸ ಹ ಳ. ಆ ಲೆಕ್ಕದಲ್ಲಿ ಹೊಸಹಳ್ಳಿಯೇ ಮೊದಲು.

ಕಂಪ್ಯೂಟರ್ ನೋಡುವುದು ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು. ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಲ ಅಕ್ಷರಕ್ಕೆ 3250, ಳ ಅಕ್ಷರಕ್ಕೆ 3251, ಸ ಅಕ್ಷರಕ್ಕೆ 3256. ಭಾರತದ ಹಲವು ಲಿಪಿಗಳಿಗೆ ಒಂದೇ ಅಚ್ಚು ಹಾಕಿದ್ದ ಇಸ್ಕಿ ಸಂಕೇತದಿಂದ ಈ ಸಾಲು ಬಂತು. ಆ ಅಚ್ಚು ನಮ್ಮ ವರ್ಣಮಾಲೆಯ ಕ್ರಮಕ್ಕೆ ಒಗ್ಗಲಿಲ್ಲ.

ಹಾಗೆಂದು ಜೋಡಿಸುವ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಬೇಕಿಲ್ಲ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಜೋಡಿಸುವ ಕೆಲಸಕ್ಕೆ ಕ್ಯೂಸಾರ್ಟ್ ಎಂಬ ಫಂಕ್ಷನ್, ಅಂದರೆ ಕರೆದಾಗ ಒಂದು ಕೆಲಸ ಮಾಡಿಕೊಡುವ ಪ್ರೋಗ್ರಾಮಿನ ತುಣುಕು, ಇದೆ. ಅದಕ್ಕೆ ಪಟ್ಟಿ, ಅದರಲ್ಲಿರುವ ಹೆಸರುಗಳ ಸಂಖ್ಯೆ, ಒಂದೊಂದರ ಗಾತ್ರ ಕೊಡುತ್ತೇವೆ. ಜೊತೆಗೆ ಇನ್ನೊಂದನ್ನು ಕೊಡಬೇಕು: ಹೋಲಿಸುವ ಫಂಕ್ಷನ್. ಅದನ್ನು ಬರೆಯುವವರು ನಾವು. ಎರಡು ಹೆಸರು ಕೈಗೆ ಬಂದರೆ ಯಾವುದು ಮೊದಲು ಎಂದು ಹೇಳುವುದಷ್ಟೇ ಅದರ ಕೆಲಸ. ಮೊದಲನೆಯದು ಮುಂದೆ ಬರಬೇಕಾದರೆ ಸೊನ್ನೆಗಿಂತ ಕಡಿಮೆ ಸಂಖ್ಯೆ, ಹಿಂದಾದರೆ ಹೆಚ್ಚು, ಸಮವಾದರೆ ಸೊನ್ನೆ: ಇದೇ ಅದು ಕೊಡುವ ಉತ್ತರ.

ಹೊಸಬರು ಎಡವುವುದು ಇಲ್ಲೇ. ಹೋಲಿಸುವ ಫಂಕ್ಷನ್ನಿನ ಹೆಸರಿನ ಮುಂದೆ ಆವರಣ ಹಾಕಿದರೆ ಅದು ಆಗಲೇ ಓಡುತ್ತದೆ, ಕ್ಯೂಸಾರ್ಟ್‌ಗೆ ಸಿಗುವುದು ಬರೀ ಉತ್ತರ. ನಮಗೆ ಬೇಕಾದದ್ದು ಕೆಲಸವನ್ನೇ ಒಪ್ಪಿಸುವುದು. ಆದ್ದರಿಂದ ಬರೀ ಹೆಸರು ಕೊಡಬೇಕು. ಯಾವಾಗ ಕರೆಯಬೇಕು, ಯಾವ ಎರಡು ಊರುಗಳನ್ನು ಆರ್ಗ್ಯುಮೆಂಟಾಗಿ, ಅಂದರೆ ಹೋಲಿಸಬೇಕಾದ ಸಾಮಗ್ರಿಯಾಗಿ, ಕೊಡಬೇಕು ಎಂಬುದನ್ನು ಕ್ಯೂಸಾರ್ಟ್ ನೋಡಿಕೊಳ್ಳುತ್ತದೆ.

ವರ್ಣಮಾಲೆಯ ಕ್ರಮವನ್ನೂ ಹೊರಗಿನಿಂದ ಕೊಡಬೇಕೆನ್ನಿಸಿದರೆ? ಕ್ಯೂಸಾರ್ಟ್ ಕೊಡುವ ಆರ್ಗ್ಯುಮೆಂಟು ಎರಡೇ, ಮೂರನೆಯದಕ್ಕೆ ಜಾಗವಿಲ್ಲ. ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಕೆಲಸಕ್ಕೆ ಪಾರ್ಶಿಯಲ್ ಎಂಬುದಿದೆ. ಫಂಕ್ಷನ್ನಿಗೆ ಒಂದು ಆರ್ಗ್ಯುಮೆಂಟನ್ನು ಮೊದಲೇ ಕಟ್ಟಿ, ಉಳಿದವನ್ನು ಆಮೇಲೆ ಬರುವಂತೆ ಬಿಡುತ್ತದೆ. ಕನ್ನಡದ ಕ್ರಮ ಕಟ್ಟಿದರೆ ಕನ್ನಡದ ಪಟ್ಟಿ, ಇನ್ನೊಂದು ಭಾಷೆಯದು ಕಟ್ಟಿದರೆ ಆ ಭಾಷೆಯದು.

ಹೀಗೆ ಕೆಲಸವನ್ನೇ ಒಪ್ಪಿಸುವುದು ಹೊಸ ವಿಚಾರವಲ್ಲ. 1960ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಬರೆದ ಲೇಖನದಲ್ಲೇ ಫಂಕ್ಷನ್ನನ್ನು ಆರ್ಗ್ಯುಮೆಂಟಾಗಿ ಕೊಡುವ ಮಾತಿದೆ. ಜೋಡಿಸುವ ವಿಧಾನವನ್ನು ಯಾರೋ ಎಲ್ಲೋ ಬರೆದಿರಲಿ, ಯಾವ ಅಕ್ಷರ ಮೊದಲು ಎಂಬುದನ್ನು ಆ ಭಾಷೆಯವರೇ ಹೇಳಬೇಕು. ಅದಕ್ಕೆ ಇದು ದಾರಿ ಮಾಡಿಕೊಟ್ಟಿದೆ.

ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳು ಮೊದಲ ಅಭ್ಯಾಸಕ್ಕೆ ತಮ್ಮ ತಾಲ್ಲೂಕಿನ ಊರುಗಳ ಪಟ್ಟಿಯನ್ನೇ ತೆಗೆದುಕೊಳ್ಳಲಿ. ಳ ಎಲ್ಲಿ ಬಂದಿದೆ ಎಂದು ತಪ್ಪದೆ ನೋಡಲಿ.